ಮೂರು ಮನೆ, ಹದಿನಾಲ್ಕು ರಾತ್ರಿ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ನಿಧಾನದ ಕಾರು ಪ್ರವಾಸ ಹೀಗೆ ಯೋಜಿಸಿ

ಸಲೇರ್ಸ್ ತಳಿಯ ಹಸು ಕರುವಿಲ್ಲದೆ ಸೊರೆ ಬಿಡುವುದಿಲ್ಲ. ಮಧ್ಯ ಫ್ರಾನ್ಸಿನ ಕಾಂತಾಲ್ ಗುಡ್ಡಗಳಲ್ಲಿ ಈಗಲೂ ಕೆಲವರು ಹಳೆಯ ಕ್ರಮದಲ್ಲೇ ಹಾಲು ಕರೆಯುತ್ತಾರೆ. ಕರುವನ್ನು ಮೊದಲು ಒಂದು ಗುಟುಕು ಕುಡಿಯಲು ಬಿಟ್ಟು, ಆಮೇಲೆ ತಾಯಿಯ ಮುಂಗಾಲಿಗೆ ಕಟ್ಟಿ, ಅದರ ಬೆನ್ನ ಮೇಲೆ ಉಪ್ಪು ಉದುರಿಸುತ್ತಾರೆ. ಹಸು ಕರುವಿನ ಬೆನ್ನು ನೆಕ್ಕುತ್ತಾ ನಿಂತಿರುವಾಗ ಹಾಲು ಇಳಿಯುತ್ತದೆ. ನಮ್ಮ ಅಜ್ಜಿಯ ಕೊಟ್ಟಿಗೆಯಲ್ಲಿ ಕಂಡದ್ದನ್ನೇ ಅಷ್ಟು ದೂರದಲ್ಲಿ ಮತ್ತೆ ನೋಡುತ್ತಾ ನಾನು ಮುಕ್ಕಾಲು ಗಂಟೆ ನಿಂತುಬಿಟ್ಟೆ. ಆ ದಿನ ಸಂಜೆ ಇನ್ನೊಂದು ಊರು ತಲುಪುವ ಆತುರವಿದ್ದಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದಕ್ಕೇ ಹೇಳುವುದು, ನಿಧಾನದ ಪ್ರವಾಸದಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಎಲ್ಲಿ ಉಳಿಯುವುದು ಎಂಬುದು. ದಾರಿ ಆಮೇಲೆ ತಾನಾಗಿ ಸಿಗುತ್ತದೆ.

ಮೊದಲು ಮೂರು ನೆಲೆ ಆರಿಸಿ

ನಾನು ಸೂಚಿಸುವುದು ಇದು: ಕಾಂತಾಲಿನ ಸಲೇರ್ಸ್ ಊರಿನ ಸುತ್ತ ಐದು ರಾತ್ರಿ, ಲೋತ್ ಸೀಮೆಯ ಫಿಜಾಕ್‌ನಲ್ಲಿ ನಾಲ್ಕು, ಡೋರ್ಡೋನ್ಯದ ಸಾರ್ಲಾ ಬಳಿ ಐದು. ಪ್ಯಾರಿಸ್‌ನಿಂದಲೇ ಕಾರು ಹಿಡಿಯಬೇಡಿ. ಬೆರ್ಸಿ ನಿಲ್ದಾಣದಿಂದ ಕ್ಲೆರ್ಮೋ-ಫೆರಾಂಗೆ ಸುಮಾರು ಮೂರೂವರೆ ಗಂಟೆಯ ರೈಲು. ಅಲ್ಲಿ ಕಾರು ಪಡೆದು, ಕೊನೆಗೆ ಬೋರ್ಡೋ ನಗರದಲ್ಲಿ ಒಪ್ಪಿಸಿ. ಒಂದು ನೆಲೆಯಿಂದ ಇನ್ನೊಂದಕ್ಕೆ 100 ಕಿ.ಮೀ. ಆಸುಪಾಸು. ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ ಅದಕ್ಕಿಂತ ಹೆಚ್ಚು. ನಕ್ಷೆಯಲ್ಲಿ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಗುಡ್ಡದ ತಿರುವು ರಸ್ತೆಗಳಲ್ಲಿ ಗಂಟೆಗೆ 50 ಕಿ.ಮೀ. ಸಾಗಿದರೆ ಹೆಚ್ಚು. ಪ್ರತಿ ನೆಲೆಯಲ್ಲೂ ಒಂದು ದಿನ ಕಾರಿನ ಕೀಲಿಯನ್ನೇ ಮುಟ್ಟದಂತೆ ಲೆಕ್ಕ ಹಾಕಿ.

ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸೇ ರಜೆಯಲ್ಲಿರುತ್ತದೆ. ಬಾಡಿಗೆ ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ, ಆ ಶನಿವಾರಗಳಂದು ರಸ್ತೆಗಳೂ ತುಂಬಿರುತ್ತವೆ. ಚಳಿಗಾಲದಲ್ಲಿ ಕಾಂತಾಲಿನ ಪಾ ದ ಪೇರೋಲ್ ಕಣಿವೆ ದಾರಿ ಹಿಮದಿಂದ ಮುಚ್ಚಿರುತ್ತದೆ. 1589 ಮೀಟರ್ ಎತ್ತರದ ಆ ದಾರಿಯನ್ನು ತಪ್ಪಿಸಿಕೊಂಡರೆ ಈ ಪ್ರವಾಸದ ಅರ್ಧ ಸೊಗಸು ಹೋದಂತೆ.

ಕಾಗದಪತ್ರ

ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲೇ ಕೊಡಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಉಳಿಯುವ ಜಾಗದ ದಾಖಲೆಯನ್ನೂ ಕೇಳುತ್ತಾರೆ, ಆದ್ದರಿಂದ ರದ್ದು ಮಾಡಿದರೆ ಹಣ ವಾಪಸ್ ಬರುವಂಥ ಮನೆಗಳನ್ನೇ ಮೊದಲು ಕಾದಿರಿಸಿ. ವೀಸಾ ಬಂದ ಮೇಲೆ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅದೊಂದೇ ಸಾಲದು, ಮೂಲ ಲೈಸೆನ್ಸ್ ಕೂಡ ಕಿಸೆಯಲ್ಲಿರಬೇಕು.

ಕಾರು ಬಾಡಿಗೆಗೆ ಚಾಲಕರ ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು. ಠೇವಣಿ ಮೊತ್ತವನ್ನು ಅದರಲ್ಲೇ ತಡೆಹಿಡಿಯುತ್ತಾರೆ. ಗಂಡನ ಕಾರ್ಡು, ಹೆಂಡತಿಯ ಲೈಸೆನ್ಸು ಎಂದರೆ ಕೌಂಟರಿನಲ್ಲೇ ಕಥೆ ಮುಗಿಯುತ್ತದೆ. ಆಟೊಮ್ಯಾಟಿಕ್ ಕಾರು ಬೇಕಿದ್ದರೆ ತಿಂಗಳುಗಳ ಮೊದಲೇ ಹೇಳಿಡಿ. ಎಡಗೈಯಲ್ಲಿ ಗೇರು ಹಾಕಿ ರೂಢಿಯಾದ ನಮಗೆ ಅಲ್ಲಿ ಗೇರು ಬಲಗೈಗೆ ಬರುತ್ತದೆ, ಅದೊಂದು ತಲೆನೋವು ತಪ್ಪಿದರೆ ದೊಡ್ಡ ನೆಮ್ಮದಿ. ಕಾರು ಸಣ್ಣದಿರಲಿ. ಹಳೆಯ ಹಳ್ಳಿಗಳ ಬೀದಿಗಳು ಎತ್ತಿನ ಗಾಡಿಯ ಕಾಲದ ಅಗಲದಲ್ಲೇ ಉಳಿದಿವೆ.

ಬಲಬದಿಯ ರಸ್ತೆಗೆ ಮನಸ್ಸು ಹೊಂದಿಸುವುದು

ರಸ್ತೆಯ ನಡುಗೆರೆ ಯಾವಾಗಲೂ ಚಾಲಕ ಕೂತ ಬದಿಯಲ್ಲೇ ಇರಬೇಕು. ನಮ್ಮೂರಲ್ಲೂ ಹಾಗೇ, ಅಲ್ಲೂ ಹಾಗೇ. ಈ ಒಂದೇ ಸೂತ್ರ ಹಿಡಿದುಕೊಂಡರೆ ಮೊದಲ ದಿನ ದಾಟುತ್ತದೆ. ತಪ್ಪು ಆಗುವುದು ನೇರ ರಸ್ತೆಯಲ್ಲಿ ಅಲ್ಲ. ಬೆಳಿಗ್ಗೆ ಖಾಲಿ ಅಂಗಳದಿಂದ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಆ ಹೊತ್ತಿಗೆ ‘ಬಲ, ಬಲ’ ಎಂದು ಗಟ್ಟಿಯಾಗಿ ಹೇಳಲಿ, ನಾಚಿಕೆ ಬೇಡ. ವೃತ್ತಗಳನ್ನು ಬಲಕ್ಕೆ ತಿರುಗಿ ಪ್ರವೇಶಿಸಬೇಕು. ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು.

ನಮ್ಮವರಿಗೆ ಗೊತ್ತೇ ಇಲ್ಲದ ನಿಯಮ ಒಂದಿದೆ. ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ಊರಿನ ಮುಖ್ಯ ಬೀದಿಯಲ್ಲೇ ಇರಿ, ಬಲಗಡೆಯ ಸಂದಿಯಿಂದ ಬಂದ ಟ್ರ್ಯಾಕ್ಟರಿಗೆ ನಿಲ್ಲಬೇಕಾದವರು ನೀವೇ. ಹಳದಿ ವಜ್ರಾಕೃತಿಯ ಫಲಕ ಕಂಡರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಗೆರೆ ಅಡ್ಡ ಎಳೆದಿದ್ದರೆ ಅಲ್ಲಿಗೆ ಮುಗಿಯಿತು. ಊರೊಳಗೆ ವೇಗದ ಮಿತಿ 50, ಎಷ್ಟೋ ಕಡೆ 30. ಊರಿನ ಹೆಸರು ಬರೆದ ಫಲಕ ದಾಟಿದ ಕ್ಷಣದಿಂದಲೇ ಅದು ಲಾಗೂ, ಬೇರೆ ಸಂಖ್ಯೆ ಬರೆದಿರುವುದಿಲ್ಲ. ಹೊರಗಿನ ಎರಡು ದಿಕ್ಕಿನ ರಸ್ತೆಗಳಿಗೆ 2018ರಿಂದ ಸಾಮಾನ್ಯವಾಗಿ 80. ಕೆಲವು ಜಿಲ್ಲೆಗಳು ಮತ್ತೆ 90ಕ್ಕೆ ಏರಿಸಿವೆ, ಫಲಕ ನೋಡಿಕೊಳ್ಳಿ. ಕ್ಯಾಮೆರಾಗೆ ಸಿಕ್ಕರೆ ದಂಡದ ಜೊತೆಗೆ ಬಾಡಿಗೆ ಕಂಪನಿಯ ಶುಲ್ಕವೂ ಕಾರ್ಡಿಗೆ ಬೀಳುತ್ತದೆ.

ದಾರಿ ತೋರಿಸಲು ಫೋನ್ ಇರಲಿ, ಆದರೆ ಮಿಶೆಲಿನ್ ಕಾಗದದ ನಕ್ಷೆಯನ್ನೂ ಕೊಳ್ಳಿ. ಅದರಲ್ಲಿ ಚೆಲುವಾದ ರಸ್ತೆಗಳಿಗೆ ಹಸಿರು ಅಂಚು ಹಾಕಿರುತ್ತಾರೆ. ಫೋನ್ ಹತ್ತು ನಿಮಿಷ ಉಳಿಸಲು ಹೆದ್ದಾರಿಗೆ ಎಳೆಯುತ್ತದೆ. ರಾತ್ರಿ ಊಟವಾದ ಮೇಲೆ ನಕ್ಷೆ ಹರಡಿ ಹಸಿರು ಗೆರೆ ಹುಡುಕುವುದು ನನಗಂತೂ ಪ್ರವಾಸದ ಅತಿ ಇಷ್ಟದ ಕೆಲಸ.

ಹಳ್ಳಿಯ ಗಡಿಯಾರ, ಹಳ್ಳಿಯ ಊಟ

ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿಗಳಿಗೆ ಬಾಗಿಲು, ಊಟದ ಮನೆಗಳು ತೆರೆದಿರುವುದೂ ಅಷ್ಟೇ ಹೊತ್ತು. ಒಂದು ಹಳ್ಳಿಗೆ ನಾವು ಎರಡು ಗಂಟೆ ಹತ್ತು ನಿಮಿಷಕ್ಕೆ ತಲುಪಿದೆವು. ಮೇಜುಗಳನ್ನು ಒರೆಸುತ್ತಿದ್ದರು, ಅಡುಗೆಮನೆ ಮುಚ್ಚಿತ್ತು. ಕಾರಿನಲ್ಲಿದ್ದ ಚಕ್ಕುಲಿ, ಎರಡು ಸೇಬು ಅಂದಿನ ಊಟ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಅನೇಕ ಅಂಗಡಿಗಳು ತೆರೆಯುವುದಿಲ್ಲ. ಶನಿವಾರವೇ ಸಾಮಾನು ತುಂಬಿಕೊಳ್ಳಿ, ಕಾರಿಗೂ ಇಂಧನ ತುಂಬಿಸಿ. ಸಿಬ್ಬಂದಿ ಇಲ್ಲದ ಬಂಕುಗಳಲ್ಲಿ ಪಿನ್ ಇರುವ ಕಾರ್ಡೇ ಬೇಕು. ‘ಗಜೋಲ್’ ಎಂದರೆ ಡೀಸೆಲ್, ಕಾರಿನ ಮುಚ್ಚಳದ ಮೇಲೆ ಬರೆದದ್ದನ್ನು ಓದಿಯೇ ಕೊಳವೆ ಎತ್ತಿ.

ಸಂತೆ ದಿನ ಬರೆದಿಟ್ಟುಕೊಳ್ಳಿ: ಫಿಜಾಕ್‌ನಲ್ಲಿ ಶನಿವಾರ, ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನಲೇಬೇಕು. ಅದನ್ನು ಬಿಟ್ಟು ನೇರ ಬೆಲೆ ಕೇಳಿದರೆ ಅವರಿಗೆ ಒರಟುತನ.

ಸಸ್ಯಾಹಾರಿಗಳು ‘ಝೀತ್’ ಎಂಬ ಅಡುಗೆಮನೆಯುಳ್ಳ ಹಳ್ಳಿಮನೆಗಳನ್ನೇ ಹಿಡಿಯಿರಿ. ಸಾರ್ಲಾದ ಹೆಸರಾಂತ ಆಲೂಗಡ್ಡೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಸಲೇರ್ಸ್, ಕಾಂತಾಲ್‌ನಂಥ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಕೇಳಿ ತಿನ್ನಿ. ಕಾಂತಾಲ್ ಇರುವ ಇದೇ ಜ್ವಾಲಾಮುಖಿ ನಾಡಿನ ಪೂರ್ವದ ಅಂಚಿನಲ್ಲಿ ಬೆಳೆಯುವ ಲ ಪುಯಿ ಹಸಿರು ಮಸೂರ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಬೆಂದರೂ ಕರಗದ ಕಾಳು, ಸಾರಿನ ಪುಡಿ ಹಾಕಿ ಕುದಿಸಿದರೆ ಬಾಯಿ ಚಪ್ಪರಿಸುವಂತಿರುತ್ತದೆ. ಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ: ಹೊರಗಿನಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ.

ದಿನಕ್ಕೆ ಒಂದೇ ಜಾಗ

ಮೊದಲೇ ಟಿಕೆಟ್ ತೆಗೆಯಬೇಕಾದದ್ದು ಗುಹೆಗಳಿಗೆ ಮಾತ್ರ. ಆದಿಮಾನವರ ಚಿತ್ರಗಳಿರುವ, 1940ರಲ್ಲಿ ಪತ್ತೆಯಾದ ಲಾಸ್ಕೋ ಗುಹೆ, ನೋಡಬಂದವರ ಉಸಿರಿನಿಂದಲೇ ಕೆಡತೊಡಗಿ 1963ರಲ್ಲಿ ಮುಚ್ಚಿತು. ಈಗ ತೋರಿಸುವುದು 2016ರಲ್ಲಿ ತೆರೆದ ಪ್ರತಿಕೃತಿ. ಅಸಲಿ ಚಿತ್ರ ಬೇಕಾದರೆ ಫಿಜಾಕ್‌ನಲ್ಲಿರುವಾಗಲೇ ಪೆಶ್ ಮೆರ್ಲ್ ಗುಹೆಗೆ ಹೋಗಿ. ದಿನಕ್ಕೆ 700 ಜನರನ್ನಷ್ಟೇ ಬಿಡುತ್ತಾರೆ. ಚುಕ್ಕೆ ಚುಕ್ಕೆಯ ಎರಡು ಕುದುರೆ, ಅವುಗಳ ಸುತ್ತ ಯಾರದೋ ಅಂಗೈ ಗುರುತು. ಬಣ್ಣ ಊದಿ ಮೂಡಿಸಿದ ಆ ಕೈಗಳ ಎದುರು ಮಕ್ಕಳೂ ಮಾತು ನಿಲ್ಲಿಸುತ್ತಾರೆ. ಅದೇ ದಿನ ಇನ್ನೊಂದು ಕೋಟೆ ಎಂದು ಓಡಬೇಡಿ.

ಫಿಜಾಕ್ ಊರು, ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೋಲಿಯೋ 1790ರಲ್ಲಿ ಹುಟ್ಟಿದ ಜಾಗ. ಅವರ ಮನೆಯ ಹಿಂದಿನ ಅಂಗಳದ ನೆಲಕ್ಕೆ, ಆ ಲಿಪಿ ಓದಲು ನೆರವಾದ ರೊಸೆಟ್ಟಾ ಶಾಸನದ ಹಿಗ್ಗಿಸಿದ ಪ್ರತಿಯನ್ನೇ ಹಾಸಿದ್ದಾರೆ, ಅಕ್ಷರಗಳ ಮೇಲೆ ನಡೆದಾಡಬಹುದು. ಕಾರು ಮುಟ್ಟದ ದಿನಕ್ಕೆ ಇದು ಸಾಕು.

ಬೋರ್ಡೋದಲ್ಲಿ ಕಾರು ಒಪ್ಪಿಸುವ ಮುನ್ನ ಟ್ಯಾಂಕ್ ತುಂಬಿಸಿ, ನಾಲ್ಕೂ ಬದಿಯ ಮತ್ತು ಮೀಟರಿನ ಫೋಟೊ ತೆಗೆದುಕೊಳ್ಳಿ. ಸಾರ್ಲಾ ಸಂತೆಯಲ್ಲಿ ಕೊಂಡ ಅಕ್ರೋಟ್ ಎಣ್ಣೆಯ ಸೀಸೆಯನ್ನು ಸೀರೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯೊಳಗೇ ಇಡಿ. ಕೈಚೀಲದಲ್ಲಿದ್ದರೆ ವಿಮಾನ ನಿಲ್ದಾಣದಲ್ಲೇ ಬಿಟ್ಟುಬರಬೇಕಾಗುತ್ತದೆ.