ಪ್ರಾಚೀನ ಈಜಿಪ್ಟಿನ ಭಾಷೆ: ಮೊದಲ ಪುಸ್ತಕವನ್ನು ಆರಿಸಿಕೊಳ್ಳುವುದು ಹೇಗೆ?

ಗುರುಗಳಿಲ್ಲದೆ ಮನೆಯಲ್ಲೇ ಕುಳಿತು ಪ್ರಾಚೀನ ಈಜಿಪ್ಟಿನ ಭಾಷೆಯನ್ನು ಕಲಿಯುವುದು ಆಗದ ಕೆಲಸವೇನಲ್ಲ. ಆದರೆ ಹಾಗೆ ಹೊರಟವರು ನಡುವೆಯೇ ಕೈಬಿಡುವುದಕ್ಕೆ ಭಾಷೆಯ ಕಷ್ಟಕ್ಕಿಂತ, ಮೊದಲು ಕೈಗೆ ಸಿಕ್ಕ ಪುಸ್ತಕವೇ ಕಾರಣವಾಗುವುದುಂಟು. ಆದ್ದರಿಂದ ಹಣ ಕೊಡುವ ಮುನ್ನ ಏನನ್ನು ನೋಡಬೇಕು, ಯಾವುದನ್ನು ಯಾವ ಕ್ರಮದಲ್ಲಿ ಹಿಡಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಲ್ಲಿ ಹೆಸರಿಸಿರುವ ಪುಸ್ತಕಗಳು ಇಂಗ್ಲಿಷಿನವು.

ಯಾವ ಕಾಲದ ಭಾಷೆ?

ಹಳಗನ್ನಡವನ್ನು ಕಲಿಯದೆ ಪಂಪನನ್ನು ಓದಲಾಗದು ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಈಜಿಪ್ಟಿನ ಭಾಷೆಯ ಬರವಣಿಗೆಯ ಇತಿಹಾಸವಾದರೋ ನಾಲ್ಕು ಸಾವಿರ ವರ್ಷಗಳಿಗೂ ಮೀರಿದ್ದು. ವಿದ್ವಾಂಸರು ಅದನ್ನು ಹಳೆಯ, ಮಧ್ಯ ಮತ್ತು ತಡವಾದ ಈಜಿಪ್ಟಿಯನ್, ಡೆಮೋಟಿಕ್, ಕಾಪ್ಟಿಕ್ ಎಂದು ಐದು ಘಟ್ಟಗಳಾಗಿ ವಿಂಗಡಿಸುತ್ತಾರೆ. ಹೊಸಬರು ಮಧ್ಯ ಈಜಿಪ್ಟಿಯನ್ನಿನಿಂದ ಆರಂಭಿಸುವುದೇ ಸರಿ. ಸುಮಾರು ಕ್ರಿ.ಪೂ. 2000ದಿಂದ 1300ರವರೆಗೆ ಬಳಕೆಯಲ್ಲಿದ್ದ ಈ ರೂಪವನ್ನು ಮುಂದಿನವರೂ ಮಾದರಿಯೆಂದು ಭಾವಿಸಿ ದೇವಾಲಯಗಳಲ್ಲಿಯೂ ಸ್ಮಾರಕಗಳಲ್ಲಿಯೂ ಬಹುಕಾಲ ಉಳಿಸಿಕೊಂಡರು. ಒಳ್ಳೆಯ ವ್ಯಾಕರಣ ಪುಸ್ತಕಗಳೂ ಹೆಚ್ಚಾಗಿ ಇದಕ್ಕೇ ಇವೆ. ಯಾವ ಘಟ್ಟದ ಭಾಷೆಯನ್ನು ಕಲಿಸುತ್ತೇನೆಂದು ಮುನ್ನುಡಿಯಲ್ಲಿ ಹೇಳದ ಪುಸ್ತಕವನ್ನು ಕೆಳಗಿಡಿ. ಈ ಚಿತ್ರಲಿಪಿಯನ್ನು ಬಿಡಿಸಲು ವಿದ್ವಾಂಸರಿಗೆ ನೆರವಾದ ರೊಸೆಟ್ಟಾ ಶಿಲೆಯ ಮೇಲಿನ ಪ್ರೀತಿಯಿಂದ ಅದರಿಂದಲೇ ಶುರುಮಾಡುವ ಆಸೆಯೂ ಬೇಡ. ಅದು ಕ್ರಿ.ಪೂ. 196ರದು, ಮೇಲಾಗಿ ಅದರ ಚಿತ್ರಲಿಪಿಯ ಭಾಗವೇ ಬಹಳಷ್ಟು ಒಡೆದುಹೋಗಿದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಕನ್ನಡದ ಮಾತುಗಳಿವೆಯೆಂದು ಗೋವಿಂದ ಪೈ ಮೊದಲಾದವರು ಚರ್ಚಿಸಿದ ಆಕ್ಸಿರಿಂಕಸ್ ಪಪೈರಸ್ಸಿನ ಪ್ರಹಸನ ಈಜಿಪ್ಟಿನಲ್ಲಿ ಸಿಕ್ಕಿದ್ದು ನಿಜ, ಆದರೆ ಅದು ಬರೆಯಲ್ಪಟ್ಟಿರುವುದು ಗ್ರೀಕಿನಲ್ಲಿ. ಅದರ ಸೆಳೆತದಿಂದ ಬಂದವರು ಗ್ರೀಕನ್ನು ಕಲಿಯಬೇಕಾಗುತ್ತದೆ.

ಪುಸ್ತಕವನ್ನು ಪರೀಕ್ಷಿಸಲು ಒಂದು ಪದ

ಪುಸ್ತಕದ ಗುಣವನ್ನು ಅಳೆಯಲು ಲಿಪಿಯ ನಡೆ ಸ್ವಲ್ಪ ತಿಳಿದಿರಬೇಕು. ಒಂದು ಬದಿ ತೆರೆದಿರುವ ಆಯತವೊಂದನ್ನು ಊಹಿಸಿಕೊಳ್ಳಿ. ಅದು ಮನೆಯ ನಕ್ಷೆ. ಅದರ ಕೆಳಗೆ ಒಂದು ಸಣ್ಣ ಗೀಟನ್ನು ಎಳೆದರೆ ಚಿತ್ರದಲ್ಲಿರುವ ವಸ್ತುವೇ ಅರ್ಥ, ಅಂದರೆ ‘ಮನೆ’; ಅದರ ವ್ಯಂಜನಗಳು ಪ್ ಮತ್ತು ರ್. ಅದೇ ಆಯತದ ಕೆಳಗೆ ಗೀಟಿನ ಬದಲು ಬಾಯಿಯ ಚಿತ್ರವನ್ನೂ ನಡೆಯುತ್ತಿರುವ ಎರಡು ಕಾಲುಗಳನ್ನೂ ಬರೆದರೆ ಪದ ‘ಹೊರಡು’ ಎಂದಾಗುತ್ತದೆ. ಇಲ್ಲಿ ಮನೆಗೂ ಅರ್ಥಕ್ಕೂ ಸಂಬಂಧವಿಲ್ಲ. ಮನೆಯ ಚಿತ್ರ ಪ್-ರ್ ಎಂಬ ಎರಡು ಧ್ವನಿಗಳನ್ನು ಕೊಡುತ್ತದೆ, ಬಾಯಿಯ ಚಿತ್ರ ಆ ರ್ ಧ್ವನಿಯನ್ನು ಮತ್ತೊಮ್ಮೆ ಖಚಿತಪಡಿಸುತ್ತದೆ, ಕಾಲುಗಳು ಧ್ವನಿಯೇ ಇಲ್ಲದೆ ‘ಇದು ಚಲನೆಗೆ ಸಂಬಂಧಿಸಿದ ಪದ’ ಎಂದು ಸೂಚಿಸುತ್ತವೆ. ಹೀಗೆ ಒಂದೇ ಪದದೊಳಗೆ ಮೂರು ಬಗೆಯ ಚಿಹ್ನೆಗಳು ಮೂರು ಕೆಲಸ ಮಾಡುತ್ತವೆ. ನೀವು ನೋಡುತ್ತಿರುವ ಪುಸ್ತಕ ಮೊದಲ ಅಧ್ಯಾಯಗಳಲ್ಲಿ ಇದನ್ನು ಬಿಡಿಸಿ ಹೇಳಿದೆಯೇ ನೋಡಿ. ಇಪ್ಪತ್ತನಾಲ್ಕು ಚಿತ್ರಗಳ ‘ವರ್ಣಮಾಲೆ’ಯನ್ನು ಕೊಟ್ಟು ನಿಮ್ಮ ಹೆಸರನ್ನು ಬರೆಯಲು ಹೇಳಿ ನಿಲ್ಲುವ ಪುಸ್ತಕವೂ ಮೊಬೈಲ್ ಆ್ಯಪೂ ಭಾಷೆಯನ್ನು ಕಲಿಸುವುದಿಲ್ಲ.

ಲಿಪ್ಯಂತರದ ಬಗೆಗೂ ಎಚ್ಚರವಿರಲಿ. ಈ ಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ‘ಒಳ್ಳೆಯ, ಸುಂದರ’ ಎಂಬ ಪದದಲ್ಲಿ ಕಾಣುವುದು ನ್, ಫ್, ರ್ ಮಾತ್ರ. ‘ನೆಫೆರ್’ ಎಂದು ಓದುವುದು ಉಚ್ಚಾರದ ಅನುಕೂಲಕ್ಕಾಗಿ ವಿದ್ವಾಂಸರು ಮಾಡಿಕೊಂಡ ಏರ್ಪಾಡು. ಸ್ವರಗಳನ್ನು ಬರೆಯುವ ಕಾಪ್ಟಿಕ್ ಲಿಪಿಯಲ್ಲಿ ಅದೇ ಪದ ‘ನೂಫೆ’ ಎಂದು ಉಳಿದಿದೆ. ಕನ್ನಡ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಳ್ಳೋಣ ಎಂದು ನಮಗೆ ಸಹಜವಾಗಿ ಅನ್ನಿಸುತ್ತದೆ, ಆದರೆ ನಮ್ಮ ಪ್ರತಿ ಅಕ್ಷರದಲ್ಲಿಯೂ ಅಕಾರ ಅಡಗಿರುವುದರಿಂದ ‘ಪರ’ ಎಂದು ಬರೆದ ಕೂಡಲೇ ಮೂಲದಲ್ಲಿಲ್ಲದ ಸ್ವರಗಳು ಒಳಗೆ ಬರುತ್ತವೆ. ಅಲ್ಲದೆ ಈಜಿಪ್ಟಿನವರಿಗೆ ನಾಲ್ಕು ಬೇರೆಬೇರೆ ಹಕಾರಗಳಿದ್ದವು, ನಮಗಿರುವುದು ಒಂದೇ. ಆದ್ದರಿಂದ ಚುಕ್ಕೆ, ಗೆರೆಗಳನ್ನು ಹಾಕಿದ ರೋಮನ್ ಲಿಪ್ಯಂತರವನ್ನೇ ಮೊದಲ ವಾರದಲ್ಲಿ ರೂಢಿ ಮಾಡಿಕೊಳ್ಳಿ.

ಯಾವ ಪುಸ್ತಕ?

ಆರಂಭಕ್ಕೆ ನನ್ನ ಆಯ್ಕೆ ಮಾರ್ಕ್ ಕೊಲ್ಲಿಯರ್ ಮತ್ತು ಬಿಲ್ ಮ್ಯಾನ್ಲಿ ಅವರು 1998ರಲ್ಲಿ ಹೊರತಂದ ಪುಸ್ತಕ. ಎಂಟೇ ಅಧ್ಯಾಯಗಳ ಈ ಪುಸ್ತಕ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನಿಜವಾದ ಶಿಲಾಫಲಕಗಳನ್ನೇ ಪಾಠವಾಗಿ ಇಟ್ಟುಕೊಂಡಿದೆ, ಮತ್ತು ಅಭ್ಯಾಸಗಳಿಗೆ ಉತ್ತರಗಳನ್ನು ಕೊನೆಯಲ್ಲಿ ಕೊಟ್ಟಿದೆ. ಒಬ್ಬರೇ ಕಲಿಯುವವರಿಗೆ ಉತ್ತರಗಳಿಲ್ಲದ ಪುಸ್ತಕದಿಂದ ಪ್ರಯೋಜನ ಕಡಿಮೆ, ಏಕೆಂದರೆ ತಪ್ಪನ್ನು ತೋರಿಸುವವರು ಬೇರೆ ಯಾರೂ ಇರುವುದಿಲ್ಲ.

ಅದು ಮುಗಿದ ಮೇಲೆ ಜೇಮ್ಸ್ ಅಲೆನ್ ಅವರ ಮಧ್ಯ ಈಜಿಪ್ಟಿಯನ್ ವ್ಯಾಕರಣವನ್ನು ಹಿಡಿಯಬಹುದು. ಇಪ್ಪತ್ತಾರು ಪಾಠಗಳ ನಡುನಡುವೆ ಆ ಸಮಾಜ ಮತ್ತು ಧರ್ಮದ ಬಗ್ಗೆ ಪ್ರಬಂಧಗಳಿವೆ, ಉತ್ತರಗಳೂ ಇವೆ. ಕೊಳ್ಳುವುದಾದರೆ 2014ರ ಮೂರನೆಯ ಆವೃತ್ತಿಯನ್ನೇ ಕೊಳ್ಳಿ, ಏಕೆಂದರೆ ಅದರಲ್ಲಿ ಕ್ರಿಯಾಪದಗಳ ಭಾಗವನ್ನು ಪರಿಷ್ಕರಿಸಲಾಗಿದೆ. ಆ್ಯಲನ್ ಗಾರ್ಡಿನರ್ ಅವರ 1927ರ ವ್ಯಾಕರಣ ಇಂದಿಗೂ ಗೌರವಕ್ಕೆ ಪಾತ್ರವಾದ ಮಹಾಗ್ರಂಥ. ಚಿಹ್ನೆಗಳನ್ನು ಇಪ್ಪತ್ತಾರು ಗುಂಪುಗಳಾಗಿ ಮಾಡಿದ ಅದರ ಪಟ್ಟಿಯನ್ನು ಎಲ್ಲರೂ ಬಳಸುತ್ತಾರೆ. ಮೇಲಿನ ಮನೆಯ ಚಿತ್ರ ಎಲ್ಲೆಡೆ ‘ಓ 1’, ನಡೆಯುವ ಕಾಲುಗಳು ‘ಡಿ 54’. ಆದರೆ ಅದರಲ್ಲಿ ಉತ್ತರಗಳಿಲ್ಲ, ಕ್ರಿಯಾಪದದ ವಿವರಣೆಯೂ ಹಳೆಯದಾಗಿದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಕಡಿಮೆ ಬೆಲೆಯ ಮರುಮುದ್ರಣಗಳಾಗಿ ಎಲ್ಲೆಲ್ಲೂ ಸಿಗುವುದು ವಾಲಿಸ್ ಬಜ್ ಅವರ ಪುಸ್ತಕಗಳು. ಅವರು 1934ರಲ್ಲಿ ತೀರಿಕೊಂಡವರು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಅವರ ಲಿಪ್ಯಂತರ ಇಂದಿನದಕ್ಕಿಂತ ಬೇರೆಯಾಗಿರುವುದರಿಂದ ಅಲ್ಲಿ ಕಲಿತ ಪದವನ್ನು ಇಂದಿನ ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಲಿತದ್ದನ್ನು ಅಳಿಸಿ ಮತ್ತೆ ಕಲಿಯುವ ಶ್ರಮದ ಮುಂದೆ ಉಳಿದ ಹಣ ಏನೂ ಅಲ್ಲ.

ನಿಘಂಟು ಮತ್ತು ಉಚಿತ ಸಾಧನಗಳು

ನಿಘಂಟಿಗೆ ರೇಮಂಡ್ ಫಾಕ್ನರ್ ಅವರ 1962ರ ಸಂಕ್ಷಿಪ್ತ ಕೋಶ ಸಾಕು. ಬರ್ಲಿನ್ ಮತ್ತು ಲೈಪ್‌ಜಿಗ್‌ನ ವಿದ್ವತ್ ಅಕಾಡೆಮಿಗಳು ನಡೆಸುವ ‘ಥೆಸಾರಸ್ ಲಿಂಗ್ವೆ ಈಜಿಪ್ಟಿಯೆ’ ಉಚಿತವಾಗಿ ಸಿಗುತ್ತದೆ. ಒಂದು ಪದ ಯಾವ ಯಾವ ಶಾಸನಗಳಲ್ಲಿ ಹೇಗೆ ಬಂದಿದೆ ಎಂದು ಅಲ್ಲಿ ನೋಡಬಹುದು. ಕಂಪ್ಯೂಟರಿನಲ್ಲಿ ಚಿತ್ರಲಿಪಿ ಬರೆಯಲು ‘ಜೆಸೆಶ್’ ಎಂಬ ಉಚಿತ ತಂತ್ರಾಂಶವಿದೆ.

ಆದರೂ ಮೊದಲ ತಿಂಗಳುಗಳಲ್ಲಿ ಕೈಯಿಂದಲೇ ಬರೆಯಿರಿ. ಈಜಿಪ್ಟಿನವರು ಚಿಹ್ನೆಗಳನ್ನು ಕಾಣದ ಚೌಕಗಳಲ್ಲಿ ಜೋಡಿಸುತ್ತಿದ್ದುದರಿಂದ ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಹಕ್ಕಿ, ಪ್ರಾಣಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಸಾಲು ಆರಂಭವಾಗುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಅಚ್ಚು ಹಾಕುತ್ತವೆ, ಕಲ್ಲಿನ ಮೇಲೆ ಬಲದಿಂದ ಎಡಕ್ಕೇ ಹೆಚ್ಚು. ಆದ್ದರಿಂದ ಪ್ರತಿ ಪಾಠದ ಒಂದು ಸಾಲನ್ನು ತಿರುಗಿಸಿ ಬರೆದು ನೋಡಿ.

ಮೊದಲ ಓದಿಗೆ ಸ್ಮಾರಕ ಶಿಲಾಫಲಕವನ್ನೇ ಆರಿಸಿಕೊಳ್ಳಿ. ನಮ್ಮ ಶಾಸನಗಳಲ್ಲಿ ‘ಸ್ವಸ್ತಿ ಶ್ರೀ’ ಮರಳಿ ಮರಳಿ ಬರುವಂತೆ ಇವುಗಳಲ್ಲಿ ‘ಹೆತೆಪ್ ದಿ ನೆಸು’, ಅಂದರೆ ‘ರಾಜನು ಕೊಡುವ ನೈವೇದ್ಯ’ ಎಂಬ ಒಕ್ಕಣೆ ಬರುತ್ತದೆ. ಇಲ್ಲಿ ಕೊನೆಯಲ್ಲಿ ಓದುವ ‘ನೆಸು’ ಎಂಬ ರಾಜವಾಚಕವನ್ನು ಬರವಣಿಗೆಯಲ್ಲಿ ಗೌರವಕ್ಕಾಗಿ ಮೊದಲೇ ಇಟ್ಟಿರುತ್ತಾರೆ. ಆಮೇಲೆ ಒಸೈರಿಸ್ ದೇವರ ಬಿರುದುಗಳು, ರೊಟ್ಟಿ, ಬಿಯರ್, ಎತ್ತು, ಹಕ್ಕಿ, ನಾರುಬಟ್ಟೆಗಳ ಪಟ್ಟಿ, ಅದಾದ ಮೇಲೆ ಎರಡು ಕೈಗಳನ್ನು ಮೇಲೆತ್ತಿದ ಚಿತ್ರದಿಂದ ಬರೆಯುವ ‘ಕಾ’, ಅಂದರೆ ‘ಜೀವಶಕ್ತಿ’ ಎಂಬ ಪದ. ಆ ಕೈಗಳ ನಂತರ ಬರುವುದು ಸತ್ತವರ ಪದವಿ ಮತ್ತು ಹೆಸರು. ಅಲ್ಲಿಯವರೆಗೆ ತಲುಪಿದಾಗ ನಿಘಂಟನ್ನು ಮುಚ್ಚಿ, ಹೆಸರನ್ನು ನೀವೇ ಓದಲು ಪ್ರಯತ್ನಿಸಿ.