ಪದ್ಮಿನಿಯ ಮುಂಭಾಗದ ಭಾರ ಇಳಿಸಿದ್ದು

ನಾನು ಕೊಂಡ ಪ್ರೀಮಿಯರ್ ಪದ್ಮಿನಿ ಮೂಲತಃ 1089 ಸಿಸಿಯ ಪೆಟ್ರೋಲ್ ಕಾರು. ಹಿಂದಿನ ಮಾಲೀಕರು ಇಂಧನದ ಖರ್ಚು ಉಳಿಸಲೆಂದು, ಕಂಪನಿಯೇ ಪದ್ಮಿನಿ 137ಡಿ ಮಾದರಿಗೆ ಬಳಸಿದ್ದ 1366 ಸಿಸಿಯ ಡೀಸೆಲ್ ಎಂಜಿನನ್ನು ಅದಕ್ಕೆ ಕೂರಿಸಿ, ಆರ್‌ಸಿಯಲ್ಲೂ ಹಾಗೆಯೇ ನಮೂದು ಮಾಡಿಸಿದ್ದರು. ಆಮೇಲೆ ಎ.ಸಿ., ಮುಂದೆ ಕಬ್ಬಿಣದ ಗಾರ್ಡ್, ಮೇಲೆ ಕ್ಯಾರಿಯರ್ ಒಂದೊಂದಾಗಿ ಸೇರಿದವು. ಪವರ್ ಸ್ಟಿಯರಿಂಗ್ ಇಲ್ಲದ ಈ ಕಾರನ್ನು ಮೈಸೂರಿನ ನಮ್ಮ ಗಲ್ಲಿಯಲ್ಲಿ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ನನ್ನ ತೋಳು ಸೋತುಹೋಗುತ್ತಿತ್ತು. ಹಳೆಯ ಪೆಟ್ರೋಲ್ ಎಂಜಿನನ್ನು ಅವರು ಟಾರ್ಪಾಲಿನ್ ಹೊದಿಸಿ ಶೆಡ್ಡಿನಲ್ಲಿ ಕಾಪಾಡಿಟ್ಟಿದ್ದದ್ದು ನನ್ನ ಪುಣ್ಯ.

ಭಾರದ ಸಾಮಾನುಗಳನ್ನು ಬಿಚ್ಚಿ, ಆ ಹಳೆಯ ಎಂಜಿನನ್ನೇ ಮತ್ತೆ ಕೂರಿಸುವ ಮೊದಲು ಕಾರನ್ನು ತೂಗಬೇಕೆಂದು ನಿರ್ಧರಿಸಿದೆ. ಲಾರಿಗಳನ್ನು ತೂಗುವ ವೇಬ್ರಿಡ್ಜ್ ಸಣ್ಣ ವ್ಯತ್ಯಾಸಗಳನ್ನು ತೋರಿಸುವುದಿಲ್ಲವಾದ್ದರಿಂದ, ಪರಿಚಯದ ಮಂಡಿಯಿಂದ 300 ಕೆಜಿ ತೂಗುವ ಯಂತ್ರವನ್ನು ತಂದು ಒಂದೊಂದೇ ಚಕ್ರವನ್ನು ಅದರ ಮೇಲೆ ನಿಲ್ಲಿಸಿದೆ. ಉಳಿದ ಮೂರು ಚಕ್ರಗಳ ಕೆಳಗೆ ಯಂತ್ರದಷ್ಟೇ ಎತ್ತರದ ಹಲಗೆಗಳನ್ನು ಜೋಡಿಸಲೇಬೇಕು. ಕಾರು ವಾಲಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಸಲವೂ ಟ್ಯಾಂಕಿನಲ್ಲಿ ಹತ್ತು ಲೀಟರ್ ಇಂಧನವನ್ನಷ್ಟೇ ಇಟ್ಟಿದ್ದೆ. ಮೊದಲ ತೂಕದಲ್ಲಿ ಒಟ್ಟು 998 ಕೆಜಿ ಬಂತು: ಮುಂದಿನ ಎರಡು ಚಕ್ರಗಳ ಮೇಲೆ 552, ಹಿಂದಿನವುಗಳ ಮೇಲೆ 446.

ಮೊದಲು ಗಾರ್ಡ್ ಬಿಚ್ಚಿದೆ. ಅದರ ತೂಕ 14 ಕೆಜಿ. ಆದರೆ ಮುಂದಿನ ಚಕ್ರಗಳ ಮೇಲೆ 18 ಕೆಜಿ ಇಳಿದು, ಹಿಂದೆ 4 ಕೆಜಿ ಏರಿತು. ಪದ್ಮಿನಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2340 ಮಿಲಿಮೀಟರ್. ಗಾರ್ಡ್ ಮುಂದಿನ ಚಕ್ರಗಳಿಗಿಂತಲೂ ಸುಮಾರು ಎಪ್ಪತ್ತು ಸೆಂಟಿಮೀಟರ್ ಮುಂದಿತ್ತು. ಏತದ ತುದಿಗೆ ಕಟ್ಟಿದ ಕಲ್ಲಿನಂತೆ ಅದು ಮೂತಿಯನ್ನು ಕೆಳಗೆ ಒತ್ತಿ ಹಿಂಭಾಗವನ್ನು ಎತ್ತುತ್ತಿತ್ತು. ಇದನ್ನು ಕಣ್ಣಾರೆ ಕಂಡ ಮೇಲೆ, ಒಂದು ಸಾಮಾನು ಎಷ್ಟು ತೂಗುತ್ತದೆ ಎಂಬುದಷ್ಟನ್ನೇ ಕೇಳುವುದನ್ನು ಬಿಟ್ಟು, ಅದು ಎಲ್ಲಿ ಕೂತಿದೆ ಎಂದೂ ನೋಡತೊಡಗಿದೆ. ಆಮೇಲೆ ಬಿಚ್ಚಿದ ಕ್ಯಾರಿಯರಿನ 11 ಕೆಜಿ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿತ್ತು.

ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಪಡೆದ ನಂತರವೇ ಕೆಲಸಕ್ಕೆ ಕೈಹಾಕಿದೆವು. ಚೈನ್ ಪುಲ್ಲಿಯ ಕೊಕ್ಕೆಗೆ ತೂಗುಮಾಪಕ ಸಿಕ್ಕಿಸಿ ಎತ್ತಿದಾಗ, ಸ್ಟಾರ್ಟರ್ ಸಮೇತ ಡೀಸೆಲ್ ಎಂಜಿನ್ 162 ಕೆಜಿ, ಪೆಟ್ರೋಲಿನದು 121 ಕೆಜಿ ತೂಗಿದವು. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿ, ಆ ಬಿಸಿಯಿಂದಲೇ ಇಂಧನ ಹೊತ್ತಿಸುತ್ತದೆ. ಆ ಒತ್ತಡವನ್ನು ತಾಳಲು ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಎಲ್ಲವೂ ದಪ್ಪವಾಗಿರಬೇಕು. ಅದನ್ನು ತಿರುಗಿಸಲು ದೊಡ್ಡ ಸ್ಟಾರ್ಟರ್ ಬೇಕು, ಸ್ಟಾರ್ಟರಿಗೆ ದೊಡ್ಡ ಬ್ಯಾಟರಿ ಬೇಕು. ಚಿಕ್ಕ ಬ್ಯಾಟರಿ ಹಾಕಿದ್ದರಿಂದಲೇ ಮತ್ತೆ 9 ಕೆಜಿ ಇಳಿಯಿತು.

ಎ.ಸಿ.ಯ ವಿಷಯದಲ್ಲಿ ಬಹಳ ದಿನ ಯೋಚಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಅದು ಬೇಕೆನಿಸುತ್ತಿತ್ತು. ಆದರೆ 27 ಕೆಜಿಯ ಆ ಸಾಮಗ್ರಿಯಲ್ಲಿ ಕಂಪ್ರೆಸರ್, ಕಂಡೆನ್ಸರ್ ಎರಡೂ ಮೂತಿಯಲ್ಲೇ ಇದ್ದವು, ಅಲ್ಲದೆ ಚಾಮುಂಡಿ ಬೆಟ್ಟದ ಏರಿನಲ್ಲಿ ಕಂಪ್ರೆಸರ್ ಈ ಸಣ್ಣ ಎಂಜಿನ್ನಿನಿಂದ ಕಸಿದುಕೊಳ್ಳುವ ಶಕ್ತಿ ಕಾಲಿನಡಿಯ ಆಕ್ಸಿಲರೇಟರಿನಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಅದನ್ನೂ ಬಿಚ್ಚಿ, ಅಮ್ಮನ ಪ್ರಯಾಣಗಳನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದೆವು.

ಕೊನೆಯ ತೂಕ 896 ಕೆಜಿ: ಮುಂದೆ 456, ಹಿಂದೆ 440. ಪದ್ಮಿನಿಯ ತೂಕವೆಂದು ಸಾಮಾನ್ಯವಾಗಿ ಹೇಳುವ ಅಂಕಿ 895. ಆ ಸಂಜೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಕೆಲಸ ಮುಗಿದಿರಲಿಲ್ಲ. ಡೀಸೆಲ್ ಎಂಜಿನ್ನಿನ ಭಾರಕ್ಕೆಂದು ಹಾಕಿದ್ದ ಗಡಸು ಕಾಯಿಲ್ ಸ್ಪ್ರಿಂಗುಗಳು ಹಾಗೆಯೇ ಉಳಿದಿದ್ದರಿಂದ, ಹಗುರಾದ ಮೂತಿ ಎರಡು ಇಂಚು ಮೇಲೆದ್ದು ನಿಂತಿತು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಚಕ್ರಗಳ ಮೇಲ್ತುದಿ ಹೊರಕ್ಕೆ ವಾಲಿ, ಒಂದೇ ತಿಂಗಳಲ್ಲಿ ಟೈರುಗಳ ಹೊರ ಅಂಚು ಸವೆಯತೊಡಗಿತು. ಪೆಟ್ರೋಲ್ ಪದ್ಮಿನಿಯ ಸ್ಪ್ರಿಂಗ್ ಜೋಡಿಯನ್ನು ಹುಡುಕಿ ತಂದು ಹಾಕಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕಾರು ಸಮವಾಗಿ ನಿಂತಿತು. ಈಗ ನಮ್ಮ ಗಲ್ಲಿಯ ತಿರುವಿನಲ್ಲಿ ನನ್ನ ಹೆಂಡತಿಯೇ ಅದನ್ನು ತಿರುಗಿಸಿ ಗೇಟಿನೊಳಗೆ ತರುತ್ತಾಳೆ.