ಆಕ್ಯುಪೇಷನಲ್ ಥೆರಪಿಸ್ಟ್ ಆಗುವುದು ಹೇಗೆ? ಫೀಸು ಕಟ್ಟುವ ಮೊದಲು ಆಸ್ಪತ್ರೆ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ಎಲ್ಲರೂ ಹುಡುಕುವುದು ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ. ಬಿಓಟಿ, ಅಂದರೆ ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ, ಪಟ್ಟಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಹೆಸರೇ ಕೇಳಿರುವುದಿಲ್ಲ. ಈ ಕೋರ್ಸ್ ಸೇರಬೇಕು ಅಂದುಕೊಂಡವರಿಗೆ ಮತ್ತು ಅವರ ಫೀಸು ಕಟ್ಟಬೇಕಾದ ಅಪ್ಪ ಅಮ್ಮಂದಿರಿಗೆ ಈ ಬರಹ.

ಮೊದಲು ಕೆಲಸ ಏನು ಅಂತ ಕಣ್ಣಾರೆ ನೋಡಿ

ಲಕ್ವ ಹೊಡೆದು ಬಲಗೈ ಸೋತ ಒಬ್ಬ ರೈತರಿದ್ದಾರೆ ಅಂದುಕೊಳ್ಳಿ. ಡಾಕ್ಟರು ಜೀವ ಉಳಿಸಿದ್ದಾರೆ, ಫಿಸಿಯೋಥೆರಪಿಸ್ಟ್ ನಡಿಗೆ ಸರಿಮಾಡುತ್ತಿದ್ದಾರೆ. ಆದರೆ ಆ ಯಜಮಾನರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುವುದು ಹೇಗೆ? ಪಂಚೆ ಉಡುವುದು, ಅಂಗಿ ಗುಂಡಿ ಹಾಕುವುದು, ಕುಕ್ಕರಗಾಲಲ್ಲಿ ಕೂರುವ ಕಕ್ಕಸಿನಲ್ಲಿ ಕೂತು ಏಳುವುದು? ಇಲ್ಲಿಂದ ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ ಶುರು. ಊಟ ಅನ್ನುವ ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಕೈ ಎಲ್ಲಿ ಸೋಲುತ್ತಿದೆ ಎಂದು ಗಮನಿಸಿ, ಆ ಹಂತವನ್ನು ಮತ್ತೆ ಕಲಿಸುತ್ತಾರೆ. ಅದು ಆಗದಿದ್ದರೆ ಬೇರೆ ದಾರಿ ತೋರಿಸುತ್ತಾರೆ: ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಅದೂ ಸಾಲದಿದ್ದರೆ ದಪ್ಪ ಹಿಡಿಯ ಚಮಚ ಕೊಡುತ್ತಾರೆ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸುತ್ತಾರೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಸುಟ್ಟಗಾಯದಿಂದ ಕೈ ಮಡಚಿಕೊಂಡವರು, ದೀರ್ಘಕಾಲದ ಮಾನಸಿಕ ಕಾಯಿಲೆಯಿಂದ ದಿನಚರಿಯೇ ತಪ್ಪಿಹೋದವರು, ಎಲ್ಲರೂ ಇವರ ಹತ್ತಿರ ಬರುತ್ತಾರೆ. ಒಂದೆರಡು ದಿನ ಇದನ್ನು ಹತ್ತಿರದಿಂದ ನೋಡದೆ ಅರ್ಜಿ ಹಾಕಬೇಡಿ. ಬೆಂಗಳೂರಿನವರಾದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, ಸ್ಪಾಸ್ಟಿಕ್ಸ್ ಸೊಸೈಟಿಯಂಥ ಸಂಸ್ಥೆಗಳಿಗೆ ಬರೆದು, ಬಂದು ನೋಡಬಹುದಾ ಎಂದು ಕೇಳಿ. ಬೇರೆ ಊರಿನವರು ಹತ್ತಿರದ ವಿಶೇಷ ಮಕ್ಕಳ ಶಾಲೆಯಲ್ಲೇ ವಿಚಾರಿಸಿ. ಒಂದು ಮಗು ಮಣಿ ಪೋಣಿಸಲು ಅರ್ಧ ಗಂಟೆ ತೆಗೆದುಕೊಳ್ಳುವುದನ್ನು ನೋಡುತ್ತಾ ನಿಮಗೆ ಚಡಪಡಿಕೆ ಶುರುವಾದರೆ, ಅದನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು ಅಲ್ವಾ?

ಅರ್ಜಿ, ಪರೀಕ್ಷೆ, ಸೀಟು

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಸಾಮಾನ್ಯವಾಗಿ ಈ ಮೂರರಲ್ಲಿ ಸೇರಿ ಶೇ 50 ಅಂಕ ಕೇಳುತ್ತಾರೆ, ಮೀಸಲಾತಿಯವರಿಗೆ ಸ್ವಲ್ಪ ಕಡಿಮೆ. ನೀಟ್ ಪರೀಕ್ಷೆಯನ್ನೂ ಬರೆದಿಟ್ಟುಕೊಳ್ಳಿ. ಈ ಕ್ಷೇತ್ರದ ನಿಯಮಗಳು ಈಗ ಬದಲಾಗುತ್ತಿರುವ ಕಾಲ, ಒಂದು ಅಂಕಪಟ್ಟಿ ಇಲ್ಲ ಅನ್ನುವ ಕಾರಣಕ್ಕೆ ವರ್ಷ ಹಾಳಾಗುವುದು ಬೇಡ.

ಕರ್ನಾಟಕದಲ್ಲಿ ಫಿಸಿಯೋಥೆರಪಿ ಕಾಲೇಜುಗಳು ಬೇಕಾದಷ್ಟಿವೆ, ಬಿಓಟಿ ಕೊಡುವ ಕಾಲೇಜುಗಳು ಬಹಳ ಕಡಿಮೆ. ಮಣಿಪಾಲದ್ದು ಹಳೆಯ, ಹೆಸರಾದ ವಿಭಾಗ, ಆದರೆ ಅದು ಖಾಸಗಿ ವಿಶ್ವವಿದ್ಯಾಲಯ. ಕಡಿಮೆ ಖರ್ಚಿನಲ್ಲಿ ಓದಬೇಕೆಂದರೆ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಂಸ್ಥೆಗಳ ಕಡೆ ನೋಡಿ: ಕಟಕ್ ಹತ್ತಿರದ ಓಲತ್‌ಪುರದ ಸ್ವಾಮಿ ವಿವೇಕಾನಂದ ಸಂಸ್ಥೆ, ಕೋಲ್ಕತ್ತದ ಎನ್‌ಐಎಲ್‌ಡಿ, ದೆಹಲಿಯ ದೀನದಯಾಳ್ ಉಪಾಧ್ಯಾಯ ಸಂಸ್ಥೆ, ಚೆನ್ನೈ ಹತ್ತಿರದ ಮುಟ್ಟುಕಾಡಿನ ಎನ್‌ಐಇಪಿಎಂಡಿ. ಇವುಗಳಿಗೆ ಸೇರಿಸಿ ಒಂದು ಪ್ರವೇಶ ಪರೀಕ್ಷೆ ನಡೆಯುತ್ತಾ ಬಂದಿದೆ. ನಮ್ಮ ಕಡೆಯ ಮಕ್ಕಳು ಇದಕ್ಕೆ ಅರ್ಜಿ ಹಾಕುವುದೇ ಅಪರೂಪ, ನನಗಂತೂ ಇದು ಬೇಜಾರಿನ ಸಂಗತಿ. ವೆಲ್ಲೂರಿನ ಸಿಎಂಸಿ ತನ್ನದೇ ದಾರಿಯಲ್ಲಿ ಆಯ್ಕೆ ಮಾಡುತ್ತದೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲಿ ಕಮಲಾ ನಿಂಬ್ಕರ್ ಶುರುಮಾಡಿದ ಶಾಲೆ ಏಷ್ಯಾದಲ್ಲೇ ಮೊದಲನೆಯದು, ಈಗಲೂ ಅಲ್ಲಿ ಬಿಓಟಿ ಇದೆ.

ಕಾಲೇಜು ಆರಿಸುವಾಗ ಕೇಳಬೇಕಾದ್ದು

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕಟ್ಟಡ ನೋಡುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಎಸಿ ಇರುವ ಲ್ಯಾಬ್ ನೋಡಿ ಖುಷಿಪಡುತ್ತಾರೆ. ನೋಡಬೇಕಾದ್ದು ರೋಗಿಗಳನ್ನು. ಈ ವಿದ್ಯೆ ಕೈಗೆ ಹತ್ತುವುದು ಪೋಸ್ಟಿಂಗ್‌ನಲ್ಲಿ, ಅಂದರೆ ಆಸ್ಪತ್ರೆ, ಶಾಲೆ, ಊರುಗಳಲ್ಲಿ ನಿಜವಾದ ಮನುಷ್ಯರ ಜೊತೆ ಕಳೆಯುವ ಗಂಟೆಗಳಲ್ಲಿ. ವರ್ಲ್ಡ್ ಫೆಡರೇಷನ್ ಆಫ್ ಆಕ್ಯುಪೇಷನಲ್ ಥೆರಪಿಸ್ಟ್ಸ್, ಚಿಕ್ಕದಾಗಿ ಡಬ್ಲ್ಯುಎಫ್‌ಓಟಿ, ಒಬ್ಬ ವಿದ್ಯಾರ್ಥಿಗೆ ಕನಿಷ್ಠ 1000 ಗಂಟೆ ಇಂಥ ಕೆಲಸ ಆಗಿರಬೇಕು ಅನ್ನುತ್ತದೆ. 1952ರಲ್ಲಿ ಈ ಒಕ್ಕೂಟ ಕಟ್ಟಿದ ದೇಶಗಳಲ್ಲಿ ಭಾರತವೂ ಒಂದು. ಅದು ಮಾನ್ಯ ಮಾಡಿದ ಕೋರ್ಸ್‌ಗಳ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಸಿಗುತ್ತದೆ, ನಿಮ್ಮ ಕಾಲೇಜಿನ ಹೆಸರು ಅದರಲ್ಲಿದೆಯಾ ನೋಡಿ.

ಆಮೇಲೆ ಕಾಲೇಜಿನವರನ್ನು ಸಂಕೋಚ ಇಲ್ಲದೆ ಕೇಳಿ. ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಯಾವ ವರ್ಷದಿಂದ? ಮನೋರೋಗ ವಿಭಾಗಕ್ಕೆ ಕಳಿಸುತ್ತೀರಾ, ಸುಟ್ಟಗಾಯ ಮತ್ತು ಕೈ ಶಸ್ತ್ರಚಿಕಿತ್ಸೆ ಆದವರು ಸಿಗುತ್ತಾರಾ, ಮಕ್ಕಳ ವಿಭಾಗ ಇದೆಯಾ? ಪಾಠ ಮಾಡುವವರಲ್ಲಿ ಆಕ್ಯುಪೇಷನಲ್ ಥೆರಪಿ ಓದಿದವರೇ ಎಷ್ಟು ಜನ? ಉತ್ತರ ತೇಲಿಸಿಬಿಟ್ಟರೆ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಬ್ರೋಷರಿಗಿಂತ ಆ ಹತ್ತು ನಿಮಿಷ ಜಾಸ್ತಿ ಹೇಳುತ್ತದೆ.

ನಾಲ್ಕು ವರ್ಷ ಏನು ಓದುತ್ತೀರಿ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ. ಕಷ್ಟವೇ. ಕೈಯ ಸ್ನಾಯು, ನರಗಳನ್ನು ಮಾತ್ರ ಸುಮ್ನೆ ಬಾಯಿಪಾಠ ಮಾಡಿ ದಾಟಬೇಡಿ, ಮುಂದೆ ನಿಮ್ಮ ಅನ್ನ ಅಲ್ಲೇ ಇರುವುದು. ನಡುವೆ ಸೈಕಾಲಜಿ, ಬಯೋಮೆಕ್ಯಾನಿಕ್ಸ್, ಮೂಳೆ, ನರ, ಮನಸ್ಸಿನ ಕಾಯಿಲೆಗಳು ಬರುತ್ತವೆ. ಗೋನಿಯೋಮೀಟರ್ ಹಿಡಿದು ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯುತ್ತೀರಿ. ಬಾರ್ಥೆಲ್ ಇಂಡೆಕ್ಸ್ ಎಂಬ ಅಳತೆಯಲ್ಲಿ ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಹೀಗೆ ಹತ್ತು ಕೆಲಸಗಳಿಗೆ ಅಂಕ ಹಾಕಿ, ಒಬ್ಬರು ಎಷ್ಟು ಸ್ವತಂತ್ರರು ಎಂದು 100ಕ್ಕೆ ಲೆಕ್ಕ ಹಾಕುತ್ತೀರಿ.

ಹೆಚ್ಚಿನವರಿಗೆ ಇಷ್ಟವಾಗುವುದು ಸ್ಪ್ಲಿಂಟ್, ಅಂದರೆ ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ, ಮಾಡುವ ಪಾಠ. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿಗೆ ಹಾಕಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಒರೆಸಿ, ಬಿಸಿ ಜಾಸ್ತಿ ಇಲ್ಲ ಅಂತ ಮೊದಲು ನಿಮ್ಮ ಚರ್ಮಕ್ಕೆ ತಾಗಿಸಿ ನೋಡಿಕೊಂಡು, ರೋಗಿಯ ಕೈಮೇಲೆ ಕೂರಿಸಿ, ಗಟ್ಟಿಯಾಗುವುದರೊಳಗೆ ಆಕಾರ ಕೊಡಬೇಕು. ಸಿಗುವುದು ಕೆಲವೇ ನಿಮಿಷ. ಮಣಿಕಟ್ಟು ಎತ್ತಲಾಗದವರಿಗೆ ಕಾಕ್‌ಅಪ್ ಸ್ಪ್ಲಿಂಟ್, ಕುಷ್ಠರೋಗ ಅಥವಾ ನರದ ಏಟಿನಿಂದ ಬೆರಳು ಹಕ್ಕಿಯ ಪಂಜದಂತೆ ಮಡಚಿಕೊಂಡವರಿಗೆ ನಕಲ್ ಬೆಂಡರ್ ಎಂಬ ಸ್ಪ್ಲಿಂಟ್. ಅಂಚು ಚುಚ್ಚಿದರೆ ರೋಗಿ ಮನೆಗೆ ಹೋಗಿ ಅದನ್ನು ಅಟ್ಟಕ್ಕೆ ಎಸೆಯುತ್ತಾರೆ. ಮುಟ್ಟಿದ್ದು ಗೊತ್ತಾಗದ ಕೈಯಾದರೆ ಗಾಯವೇ ಆಗಿಬಿಡುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪುಸ್ತಕ ಕಬ್ಬಿಣದ ಕಡಲೆ. ಆದರೆ ವಾರ್ಡಿಗೆ ಹೋದ ದಿನ ಆಟ ಉಲ್ಟಾ. ಅಜ್ಜಿಯೊಬ್ಬರ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಹೇಗೆ ನಡೆಯುತ್ತದೆ, ಒಲೆ ನೆಲದಲ್ಲಿದೆಯೋ ಕಟ್ಟೆಮೇಲಿದೆಯೋ, ನೀರು ಯಾರು ಹೊರುತ್ತಾರೆ, ಇದನ್ನೆಲ್ಲ ಅವರದೇ ಮಾತಲ್ಲಿ ಕೇಳಿ ತಿಳಿಯಬಲ್ಲವರು ಒಳ್ಳೆಯ ಪ್ಲಾನ್ ಬರೆಯುತ್ತಾರೆ. ಮಣಿಪಾಲದಲ್ಲಿ ಓದುವವರಿಗೆ ತುಳು, ಕೊಂಕಣಿ ಸ್ವಲ್ಪ ಬಂದರೆ ಅನುಕೂಲ. ವೆಲ್ಲೂರಿಗೆ ಹೋದರೆ ತಮಿಳು ಕಲಿಯಲೇಬೇಕು.

ಇಂಟರ್ನ್‌ಶಿಪ್, ನೋಂದಣಿ

ಇಲ್ಲಿಯವರೆಗೆ ರೂಢಿಯಲ್ಲಿರುವುದು ನಾಲ್ಕು ವರ್ಷ ಓದು, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ನೀವು ಸೇರುವ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಇದನ್ನು ಖಚಿತ ಮಾಡಿಕೊಳ್ಳಿ. ಇಂಟರ್ನ್‌ಶಿಪ್ ಮುಗಿಯದೆ ಪದವಿ ಇಲ್ಲ.

ಆಮೇಲೆ ನೋಂದಣಿ. 2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ತನ್ನ ಕೆಳಗೆ ತಂದಿದೆ, ಅದರ ಪ್ರಕಾರ ರಾಜ್ಯ ಮಂಡಳಿಯ ರಿಜಿಸ್ಟರಿನಲ್ಲಿ ಹೆಸರು ಇರಬೇಕು. ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯತ್ವ ಬೇರೆ, ಅದು ವೃತ್ತಿಯವರ ಸಂಘ. ಇನ್ನೊಂದು ಮಾತು, ಮಕ್ಕಳ ಥೆರಪಿ ಅಂತ ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸ್ ಮಾರುವವರಿದ್ದಾರೆ. ಅದನ್ನು ಮಾಡಿದವರು ಥೆರಪಿಸ್ಟ್ ಆಗುವುದಿಲ್ಲ, ದುಡ್ಡು ಉಳಿಸಿಕೊಳ್ಳಿ.

ಕೆಲಸ, ಹೊರದೇಶ

ಬೆಂಗಳೂರಿನಲ್ಲಿ ಕೆಲಸ ಜಾಸ್ತಿ ಇರುವುದು ಮಕ್ಕಳ ಥೆರಪಿ ಕೇಂದ್ರಗಳಲ್ಲಿ. ಮೊದಲ ಕೆಲಸ ಹಿಡಿಯುವಾಗ ಸಂಬಳದ ಜೊತೆ ಎರಡು ವಿಷಯ ಕೇಳಿ: ನಿಮ್ಮ ಮೇಲೆ ಅನುಭವಸ್ಥ ಥೆರಪಿಸ್ಟ್ ಇದ್ದಾರಾ, ದಿನಕ್ಕೆ ಎಷ್ಟು ಮಕ್ಕಳನ್ನು ನೋಡಬೇಕು. ಒಂದು ಮಗು ಆಚೆ ಹೋಗುತ್ತಲೇ ಇನ್ನೊಂದು ಒಳಗೆ ಬರುವ ಕಡೆ ನೋಟ್ಸ್ ಬರೆಯಲೂ ಪುರಸೊತ್ತು ಇರುವುದಿಲ್ಲ.

ಬ್ರಿಟನ್‌ನಲ್ಲಿ ಕೆಲಸ ಮಾಡಲು ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಬೇಕು. ಅಮೆರಿಕಕ್ಕೆ ಬಿಓಟಿ ಒಂದೇ ಸಾಲುವುದಿಲ್ಲ, ಸ್ನಾತಕೋತ್ತರ ಮಟ್ಟದ ಓದು ಮತ್ತು ಎನ್‌ಬಿಸಿಓಟಿ ಪರೀಕ್ಷೆ ಎರಡೂ ಬೇಕು. ಇಂಥ ಕಡೆ ಯಾವ ವಿಷಯ ಎಷ್ಟು ಓದಿದಿರಿ, ಯಾವ ವಿಭಾಗದಲ್ಲಿ ಎಷ್ಟು ಗಂಟೆ ಪೋಸ್ಟಿಂಗ್ ಮಾಡಿದಿರಿ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಆದ್ದರಿಂದ ಪೋಸ್ಟಿಂಗ್ ಗಂಟೆಗಳನ್ನು ಬರೆದಿಡುವ, ಸಹಿ ಆದ ಲಾಗ್‌ಬುಕ್ಕಿನ ಪ್ರತಿ ಪುಟವನ್ನು ಓದುವಾಗಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ನಿಮ್ಮ ವರ್ಷದ ಸಿಲಬಸ್‌ಗೆ ಕಾಲೇಜಿನ ಸೀಲು ಹಾಕಿಸಿಕೊಳ್ಳಿ. ಐದು ವರ್ಷ ಬಿಟ್ಟು ಕೇಳಲು ಹೋದರೆ ಸಹಿ ಮಾಡಿದ ಮೇಡಂ ಬೇರೆ ಊರಲ್ಲಿರುತ್ತಾರೆ, ಸಿಲಬಸ್ ಬದಲಾಗಿರುತ್ತದೆ.